ಹತ್ತು ಬೆರಳಿಗೆ ಐರಿಶ್ ಮದ್ದು

ಕೊಲಂಬಿಯಾ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಮಂಗಳೂರಿನಲ್ಲಿ ಎಲ್ಲರೂ ಮೊದಲು ಕೇಳುವುದು, ನಯಾಗರಾ ನೋಡಿದಿರಾ ಎಂದು. ನಾನು ನೋಡಲಿಲ್ಲ. ಶ್ವೇತಭವನವನ್ನು ಕಾರಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಉಳಿದರ್ಧಕ್ಕೆ ಒಂದು ಬಸ್ಸು ಅಡ್ಡ ಬಂತು. ಆ ದೇಶದಲ್ಲಿ ನಾನು ಹಗಲೂ ಇರುಳೂ ಕೂಲಂಕಷವಾಗಿ ನೋಡಿದ್ದು ನನ್ನ ಸ್ವಂತ ಕೈಗಳನ್ನು. ಅದಕ್ಕೆ ಕಾರಣ ನನ್ನ ಶಿವಭಕ್ತಿ.

ಹೋದದ್ದು ೨೦೦೫ರ ಬೇಸಿಗೆಯಲ್ಲಿ. ತಂಗಿ ಉಷಾ ಮತ್ತು ಅವಳ ಗಂಡ ವಿಶ್ವನಾಥ್ ಇಬ್ಬರೂ ಡಾಕ್ಟರುಗಳು. ಎಪ್ಪತ್ತರ ದಶಕದಲ್ಲೇ ಹೋಗಿ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಬೇರೂರಿದವರು. ಅವರು ಚರ್ಮದ ಡಾಕ್ಟರು, ಇವಳು ಅರಿವಳಿಕೆ ಕೊಡುವವಳು. ದೊಡ್ಡ ದೊಡ್ಡ ಆಳುಗಳನ್ನು ಕ್ಷಣದಲ್ಲಿ ಮಲಗಿಸುವ ನನ್ನ ತಂಗಿಗೆ ಒಂದು ಕೂಸನ್ನು ಮೀಯಿಸಿ ಮಲಗಿಸುವುದು ಗೊತ್ತಿಲ್ಲ. ಅವಳ ಮಗಳು ಅಶ್ವಿನಿ ಹುಟ್ಟಿದಾಗ ನಮ್ಮ ಅಮ್ಮ ಊರಿನಿಂದ ಬಂದು ಬಾಣಂತನ ಮುಗಿಸಿ ಹೋಗಿದ್ದರು. ಈಗ ಅಶ್ವಿನಿಯೇ ಬಸುರಿ, ನಾರ್ತ್ ಕ್ಯಾರೊಲಿನಾದ ಡರ್ಹಮ್‌ನಲ್ಲಿ. ಅಮ್ಮ ಇಲ್ಲ, ಹಾಗಾಗಿ ನಾನು.

ನಾನು ಮದುವೆಯಾದವಳಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆದರೆ ನಮ್ಮ ಕುಟುಂಬದಲ್ಲಿ, ಊರಿನಲ್ಲಿ ಹುಟ್ಟಿದ ಮಕ್ಕಳೆಲ್ಲ ನನ್ನ ನೀಡಿದ ಕಾಲಿನ ಮೇಲೆ ಮಲಗಿ, ನನ್ನ ಕೈಯಿಂದ ಎಣ್ಣೆ ಹಚ್ಚಿಸಿಕೊಂಡು ಮಿಂದವರೇ. ಈಗ ಮೀಸೆ ಬಂದವರೂ ಇದ್ದಾರೆ. ಅವರಿಗೆ ಬುದ್ಧಿ ಹೇಳುವಾಗ ಈ ವಿಷಯ ನೆನಪಿಸಿದರೆ ಬಾಯಿ ಮುಚ್ಚುತ್ತಾರೆ. ಅಶ್ವಿನಿಯ ಕೂಸು ಈ ಸಾಲಿನ ಕೊನೆಯದು. ಅದನ್ನು ನನ್ನ ಕೈಯಾರೆ ಮೀಯಿಸಬೇಕೆಂಬುದು ಆಸೆಗಿಂತ ಹೆಚ್ಚಾಗಿ ಹಟವೇ ಆಗಿತ್ತು. ಅದಕ್ಕೆಂದೇ ಅರುವತ್ತನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟು ಮಾಡಿಸಿದ್ದು.

ಇನ್ನು ಶಿವಭಕ್ತಿಯ ವಿಷಯ. ಸೋಮವಾರ ಬಿಲ್ವಪತ್ರೆ ಏರಿಸದೆ ಕಾಫಿ ಕುಡಿಯುವ ಅಭ್ಯಾಸ ನನಗಿಲ್ಲ. ಒಣಗಿಸಿ ಕಟ್ಟಿ ತಂದ ಬಿಲ್ವದ ಪೊಟ್ಟಣವನ್ನು ವಿಮಾನ ನಿಲ್ದಾಣದಲ್ಲಿ ಒಂದು ಗಿಡ್ಡ ನಾಯಿ ಮೂಸಿ ಹಿಡಿದುಕೊಟ್ಟಿತು. ಅಧಿಕಾರಿ ಅದನ್ನು ಕಸದ ಡಬ್ಬಿಗೆ ಹಾಕಿ, ನನಗೆ "ಥ್ಯಾಂಕ್ಯೂ ಮೇಡಂ" ಎಂದ. ಕಿತ್ತುಕೊಂಡು ಉಪಕಾರ ಸ್ಮರಿಸುವ ಜನ!

ಸೋಮವಾರ ಬೆಳಿಗ್ಗೆ ಉಷಾಳ ಹಿತ್ತಿಲಿಗೆ ಹೋದೆ. ಹಿತ್ತಿಲೆಂದರೆ ಅರ್ಧ ಹುಲ್ಲು, ಆಮೇಲೆ ಕಾಡು. ಒಂದು ದೊಡ್ಡ ಮರಕ್ಕೆ ಬಳ್ಳಿಯೊಂದು ಹಬ್ಬಿತ್ತು. ಎಣ್ಣೆ ಸವರಿದ ಹಾಗೆ ಮಿರುಗುವ ಎಲೆ, ಒಂದೊಂದು ತೊಟ್ಟಿಗೂ ಮೂರು ಮೂರು. ತ್ರಿದಳ! ಬಿಲ್ವ ಅಲ್ಲವೆಂಬುದು ನನಗೂ ಗೊತ್ತಿತ್ತು. ಆದರೆ ಪರದೇಶದಲ್ಲಿ ಶಿವನೂ ಸ್ವಲ್ಪ ಹೊಂದಿಕೊಳ್ಳಬೇಕು ತಾನೆ? ಸೆರಗು ತುಂಬ ಕೊಯ್ದು ತಂದೆ. ಒಂದೊಂದನ್ನೂ ನೀರಿನಲ್ಲಿ ತಿಕ್ಕಿ ತೊಳೆದೆ. ಕೋಟು ನೇತುಹಾಕುವ ಕಪಾಟಿನಲ್ಲಿ ಉಷಾ ಮಾಡಿಕೊಂಡಿದ್ದ ದೇವರ ಕೋಣೆಯಲ್ಲಿ ಕುಳಿತು, ಸ್ತೋತ್ರ ಹೇಳುತ್ತ ಲಿಂಗ ಮುಚ್ಚುವಷ್ಟು ಏರಿಸಿದೆ. ಪ್ರಸಾದವೆಂದು ಒಂದನ್ನು ಮುಡಿಗೂ ಸಿಕ್ಕಿಸಿಕೊಂಡೆ.

ಆಸ್ಪತ್ರೆಗೆ ಹೊರಟ ಡಾಕ್ಟರು, ಅಂದರೆ ಉಷಾಳ ಗಂಡ, ಕೈಮುಗಿಯಲು ಬಂದವರು ಹಾಗೇ ನಿಂತುಬಿಟ್ಟರು.

"ಅತ್ತಿಗೆ, ಈ ಎಲೆ ಎಲ್ಲಿಂದ ತಂದ್ರಿ?"

"ನಿಮ್ಮ ಹಿತ್ತಿಲಿನದ್ದೇ. ಎಂತಕ್ಕೆ?"

"ತಲೆಯಲ್ಲಿರೋದನ್ನ ಮೊದಲು ತೆಗೀರಿ. ಬೇಡ, ಮುಟ್ಟಬೇಡಿ. ಉಷಾ! ಗ್ಲವ್ಸ್ ತಗೊಂಡು ಬಾ!"

ಅದು ಪಾಯ್ಸನ್ ಐವಿ ಎಂಬ ವಿಷದ ಬಳ್ಳಿಯಂತೆ. ಮೂರೆಲೆ ಕಂಡರೆ ದೂರವಿರಿ ಎಂದು ಅಲ್ಲಿ ಶಾಲೆಯ ಮಕ್ಕಳಿಗೆ ಮೊದಲೇ ಕಲಿಸುತ್ತಾರಂತೆ. ನಮಗೆ ಕಲಿಸಿದ್ದು ಮೂರೆಲೆ ಕಂಡರೆ ಕೈಮುಗಿಯಿರಿ ಎಂದು. ಡಾಕ್ಟರು ಇಕ್ಕಳದಲ್ಲಿ ಎಲೆಗಳನ್ನು ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರು. ನನ್ನ ಕೈಯನ್ನೂ ಶಿವಲಿಂಗವನ್ನೂ ಪಾತ್ರೆ ತೊಳೆಯುವ ಸೋಪಿನಲ್ಲಿ ಒಟ್ಟಿಗೇ ತೊಳೆಸಿದರು. ಶಿವನಿಗೆ ಏನೂ ಆಗಲಿಲ್ಲ, ಆತ ವಿಷ ಕುಡಿದು ಅಭ್ಯಾಸ ಇದ್ದವನು. ನನಗೆ ಮರುದಿನ ಸಂಜೆಯೊಳಗೆ ಬೆರಳ ಸಂದಿಯಿಂದ ಮೊಣಕೈವರೆಗೆ, ಕಿವಿಯ ಹಿಂದೆ ಕೂಡ, ಬೊಬ್ಬೆ ಎದ್ದು ನೀರು ಜಿನುಗತೊಡಗಿತು.

"ನಮ್ಮೂರಲ್ಲಿ ಚೇರಿನ ಮರ ತಾಗಿದ ಹಾಗೇ ಉಂಟಲ್ಲ ಇದು," ಎಂದೆ.

"ಅದೇ ಬಳಗ ಅತ್ತಿಗೆ. ಚೇರು, ಗೇರು, ಮಾವು, ಎಲ್ಲ ಒಂದೇ ಕುಟುಂಬ. ಚಿಕ್ಕಂದಿನಲ್ಲಿ ಗೇರುಬೀಜದ ಸೊನೆ ತಾಗಿಸಿಕೊಂಡಿರ್ತೀರಿ. ಅದಕ್ಕೇ ಇಷ್ಟು ಬೇಗ ಎದ್ದಿದ್ದು."

"ಯಾವಾಗ ಹೋಗ್ತದೆ?"

"ಎರಡು ವಾರ, ಮೂರು ವಾರ. ಟ್ಯೂಬ್ ಕೊಡ್ತೀನಿ, ತುರಿಕೆ ಕಡಿಮೆ ಆಗುತ್ತೆ. ಆದ್ರೆ ಟೈಮ್ ತಗೊಂಡೇ ತಗೊಳ್ಳುತ್ತೆ."

ಅಶ್ವಿನಿಗೆ ಇನ್ನೂ ದಿನವಿತ್ತು. ಅಷ್ಟರಲ್ಲಿ ವಾಸಿಯಾಗುತ್ತದೆ ಎಂದು ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡೆ. ಆ ವಾರವೇ ಫೋನು ಬಂತು. ಕೂಸು ಅವಸರ ಮಾಡಿ ಹುಟ್ಟಿಬಿಟ್ಟಿತ್ತು. ಹೆಣ್ಣು.

ದಕ್ಷಿಣದ ಹೆದ್ದಾರಿ

ಕೈಗೆ ಬಿಳಿ ಹತ್ತಿಯ ಗವಸು ಹಾಕಿಕೊಂಡು, ಉಷಾ ಮತ್ತು ಡಾಕ್ಟರೊಡನೆ ಡರ್ಹಮ್‌ಗೆ ಹೊರಟ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೆ. ಕನ್ನಡಿಯಲ್ಲಿ ನೋಡಿಕೊಂಡರೆ ಮಂಗಳೂರಿನ ಹಂಪನಕಟ್ಟೆಯ ಟ್ರಾಫಿಕ್ ಪೊಲೀಸಿನ ಹಾಗೆ ಕಾಣುತ್ತಿದ್ದೆ.

ಅಮೆರಿಕದ ಹೆದ್ದಾರಿಯಲ್ಲಿ ನೋಡುವುದಕ್ಕೇನೂ ಇಲ್ಲ. ಎರಡೂ ಕಡೆ ಮರ, ನಡುವೆ ರಸ್ತೆ, ಮುಂದೆಯೂ ಅದೇ. ಹಾರ್ನಿಲ್ಲ, ದನವಿಲ್ಲ, ಎಳನೀರಿನವನಿಲ್ಲ. ತುರಿಕೆಯನ್ನು ಮರೆಯಲು ಒಂದು ಜಗಳವಾದರೂ ಕಣ್ಣಿಗೆ ಬೀಳಬೇಡವೇ? ವರ್ಜೀನಿಯಾದಲ್ಲಿ ಕಾಫಿಗೆ ನಿಲ್ಲಿಸಿದಾಗ ಗವಸಿನ ಕೈಯಲ್ಲಿ ಲೋಟದ ಮುಚ್ಚಳ ಬಿಗಿಯಾಗದೆ ಕಾಫಿಯೆಲ್ಲ ಸೀರೆಯ ಮೇಲೆ ಚೆಲ್ಲಿತು. ಪಕ್ಕದ ಮೇಜಿನ ದಪ್ಪ ಲಾರಿ ಡ್ರೈವರು ಒಂದು ಕಟ್ಟು ಕಾಗದದ ಕರವಸ್ತ್ರ ತಂದು ಕೊಟ್ಟ. ಗವಸು ತೆಗೆದೆನೋ ಇಲ್ಲವೋ, "ಪಾಯ್ಸನ್ ಐವಿ!" ಎಂದು ಹಳೆಯ ಸ್ನೇಹಿತನನ್ನು ಕಂಡವನಂತೆ ಕೂಗಿದ.

ಅಷ್ಟೇ ಸಾಕಾಯಿತು. ಅಂಗಡಿಯಲ್ಲಿದ್ದವರೆಲ್ಲ ಬಂದು ನನ್ನ ಕೈ ನೋಡಿದರು. ಒಬ್ಬ ಬ್ಲೀಚ್ ಸುರಿಯಿರಿ ಎಂದ. ಒಬ್ಬಾಕೆ ಕಲ್ಲಂಗಡಿಯ ಸಿಪ್ಪೆ ತಿಕ್ಕಿ ಎಂದಳು. ಕಾಫಿ ಕೊಡುವ ಹುಡುಗಿ ಹಲ್ಲುಜ್ಜುವ ಪೇಸ್ಟು ಹಚ್ಚಲು ಹೇಳಿದಳು. ನಮ್ಮಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಕೆಮ್ಮಿದರೆ ನಾಲ್ಕು ಕಷಾಯ ಹೇಳುವವರು ಸಿಗುತ್ತಾರೆ. ಇಲ್ಲಿನವರು ಹಾಗಲ್ಲ, ಎಲ್ಲದಕ್ಕೂ ಡಾಕ್ಟರ ಹತ್ತಿರ ಓಡುವವರು ಎಂದುಕೊಂಡಿದ್ದೆ. ಅಷ್ಟು ಜನರ ನಡುವೆ ಬಾಯಿ ಬಿಡದೆ ಕುಳಿತಿದ್ದವರು ನಿಜವಾದ ಚರ್ಮದ ಡಾಕ್ಟರೊಬ್ಬರೇ. ಅವರನ್ನು ಯಾರೂ ಕೇಳಲಿಲ್ಲ.

ಡರ್ಹಮ್

ಅಶ್ವಿನಿ ಬಾಗಿಲು ತೆರೆದು, "ದೊಡ್ಡಮ್ಮ!" ಎಂದು ಅಪ್ಪಿಕೊಳ್ಳಲು ಬಂದವಳು ನನ್ನ ಕೈ ನೋಡಿ ಅಲ್ಲೇ ನಿಂತಳು.

"ಓ ಮೈ ಗಾಡ್. ಸಾರಿ ದೊಡ್ಡಮ್ಮ, ಬೇಬಿ ಟಚ್ ಮಾಡಬೇಡಿ, ಪ್ಲೀಸ್."

"ತೊಳೆದ ಮೇಲೆ ಅದು ಹರಡಲ್ಲ ಮಗಾ," ಎಂದರು ಡಾಕ್ಟರು.

"ಡ್ಯಾಡ್, ಇಂಟರ್ನೆಟ್‌ನಲ್ಲಿ ಒಬ್ಬರು ಹೇಳಿದಾರೆ, ದೇರ್ ಬೇಬಿ ಗಾಟ್ ಇಟ್."

ಮೂವತ್ತು ವರ್ಷ ಚರ್ಮವನ್ನೇ ನೋಡಿಕೊಂಡು ಬಂದ ಡಾಕ್ಟರು ಇಂಟರ್ನೆಟ್ಟಿನ ಎದುರು ಸೋತು ಸೋಫಾದಲ್ಲಿ ಕುಳಿತರು. ನಾನು ಕೂಸನ್ನು ದೂರದಿಂದ ನೋಡಿದೆ. ಕೆಂಪು ಮುಖ, ಕೂದಲು ತುಂಬಿದ ತಲೆ, ನಮ್ಮ ಅಮ್ಮನದೇ ಹಣೆ. ಸಾವಿರಾರು ಮೈಲಿ ಹಾರಿ ಬಂದು, ನಾಲ್ಕು ಮಾರು ದೂರದಲ್ಲಿ ನಿಲ್ಲಬೇಕಾಯಿತು. ಅಳು ಬಂತು. ಗವಸಿನಲ್ಲೇ ಒರೆಸಿಕೊಂಡೆ.

ಅಶ್ವಿನಿಗೂ ಕೆಡುಕೆನಿಸಿರಬೇಕು. ಸಂಜೆ ಬಂದು ಒಂದು ಒಪ್ಪಂದ ಹೇಳಿದಳು. ಹೊಕ್ಕುಳ ಬಳ್ಳಿ ಒಣಗಿ ಬೀಳುವತನಕ ಕೂಸಿಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮಾತ್ರ, ಸ್ನಾನವಿಲ್ಲ. ಅದು ಆಸ್ಪತ್ರೆಯ ನಿಯಮ. "ಅದು ಬಿದ್ದ ಮೇಲೆ ಫಸ್ಟ್ ಬಾತ್. ಆಗ ಕೈ ಸರಿ ಆದ್ರೆ ನೀವೇ ಮಾಡಿಸಿ. ಇಲ್ಲಾಂದ್ರೆ ಕಿರಣ್ ಮತ್ತು ನಾನು, ಪ್ಲಾಸ್ಟಿಕ್ ಟಬ್‌ನಲ್ಲಿ. ಓಕೆ?" ಕಿರಣ್ ಅವಳ ಗಂಡ, ಅಟ್ಲಾಂಟಾ ಹತ್ತಿರದ ಜಾನ್ಸ್ ಕ್ರೀಕ್‌ನಲ್ಲಿ ಬೆಳೆದ ಸಾಧು ಹುಡುಗ. ನಾನೇನು ಹೇಳಿದರೂ "ಓಕೆ ದೊಡ್ಡಮ್ಮ", ಅವಳೇನು ಹೇಳಿದರೂ "ಓಕೆ ಆಶ್".

ಹೀಗೆ ಪಂದ್ಯ ಶುರುವಾಯಿತು. ಒಂದು ಕಡೆ ಕೂಸಿನ ಹೊಕ್ಕುಳ, ಇನ್ನೊಂದು ಕಡೆ ನನ್ನ ಹತ್ತು ಬೆರಳು.

ಉಷಾ ಮತ್ತು ಡಾಕ್ಟರು ಡ್ಯೂಟಿಗೆಂದು ಕೊಲಂಬಿಯಾಕ್ಕೆ ಮರಳಿದ ದಿನವೇ ಪಕ್ಕದ ಮನೆಯ ನೋರಾ ಬಾಣಂತಿಗೆಂದು ಮನೆಯಲ್ಲೇ ಬ್ರೆಡ್ಡು ಮಾಡಿ ತಂದಳು. ಎಪ್ಪತ್ತು ದಾಟಿದ ವಿಧವೆ, ಕಡ್ಡಿಯಂಥ ಮೈ, ಬೆಳ್ಳಿ ಕೂದಲು. ಐರ್ಲೆಂಡಿನ ಪಡುವಣ ಕರಾವಳಿಯ ಹಳ್ಳಿಯಲ್ಲಿ ಹುಟ್ಟಿ, ಹರೆಯದಲ್ಲಿ ಮನೆಗೆಲಸಕ್ಕೆಂದು ಅಮೆರಿಕಕ್ಕೆ ಬಂದವಳು. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಅನುಮತಿ ಗಿನುಮತಿ ಕೇಳದೆ ನನ್ನ ಗವಸು ಎಳೆದಳು. ಅಮೆರಿಕಕ್ಕೆ ಬಂದ ಮೇಲೆ ಕೇಳದೆ ನನ್ನನ್ನು ಮುಟ್ಟಿದವಳು ಅವಳೊಬ್ಬಳೇ. ಅಲ್ಲೇ ಅವಳ ಮೇಲೆ ಪ್ರೀತಿ ಬಂತು.

"ಇದಕ್ಕೆ ಯಾರ ಹತ್ತಿರ ಮದ್ದಿದೆ ಇಲ್ಲಿ?" ಎಂದು ಕೇಳಿದಳು.

ಯಾವ ಮದ್ದು ಎಂದು ಕೇಳದೆ, ಯಾರ ಹತ್ತಿರ ಎಂದು ಕೇಳಿದ್ದಳು! ಅವಳ ಊರಿನಲ್ಲಿ ಒಂದೊಂದು ಚರ್ಮದ ಕಾಯಿಲೆಗೂ ಒಂದೊಂದು ಮನೆತನವಂತೆ. ಗಜಕರ್ಣಕ್ಕೆ ಏಳನೆಯ ಮಗ ಮುಟ್ಟಬೇಕು. ಸುಟ್ಟ ಗಾಯಕ್ಕೆ, ಹಿಂದೆಂದೋ ಒಂದು ಹಲ್ಲಿಯಂಥ ಪ್ರಾಣಿಯನ್ನು ನೆಕ್ಕಿದವನು ಬಂದು ನೆಕ್ಕಬೇಕು. ರೆಪ್ಪೆಯ ಕುರುವಿಗೆ ಮುಳ್ಳು ತೋರಿಸಿ ಹೆದರಿಸಬೇಕು. ನರಹುಲಿಗೆ ಚಿಪ್ಪಿಲ್ಲದ ಬಸವನಹುಳ ತಿಕ್ಕಿ, ಹುಳವನ್ನು ಮುಳ್ಳಿಗೆ ಚುಚ್ಚಿಡಬೇಕು; ಅದು ಒಣಗಿದ ಹಾಗೆ ಇದೂ ಒಣಗುತ್ತದೆ. ಅದಾಗದಿದ್ದರೆ ಕಲ್ಲಿನ ಗುಳಿಯಲ್ಲಿ ನಿಂತ ಮಳೆನೀರಿನಲ್ಲಿ ತೊಳೆಯಬೇಕು. ಆದರೆ ಹುಡುಕಿಕೊಂಡು ಹೋದರೆ ಆ ನೀರಿಗೆ ಗುಣವಿಲ್ಲ, ತಾನಾಗಿ ಎದುರಾಗಬೇಕು.

"ಸೊಂಟದ ಸುತ್ತ ಬೊಬ್ಬೆ ಏಳ್ತದಲ್ಲ, ಅದಕ್ಕೆ?" ಎಂದು ನಾನು ಸರ್ಪಸುತ್ತಿನ ಬಗ್ಗೆ ಕೇಳಿದೆ.

"ಅದಕ್ಕೊಂದು ಮನೆತನದವರ ರಕ್ತ ಹಚ್ಚಬೇಕು. ಬೇಗ ಹಚ್ಚಬೇಕು. ಸುತ್ತು ಬಂದು ಎರಡು ತುದಿ ಕೂಡಿತೋ, ಮನುಷ್ಯ ಉಳಿಯುವುದಿಲ್ಲ."

ತಲೆ ಬಾಲ ಕೂಡಿದರೆ ಕತೆ ಮುಗಿಯಿತು ಎಂದು ನಮ್ಮ ಅಜ್ಜಿಯೂ ಇದೇ ಧಾಟಿಯಲ್ಲಿ ಹೇಳುತ್ತಿದ್ದರು. ಅಜ್ಜಿ ಉಳ್ಳಾಲದಿಂದಾಚೆಗೆ ಹೋದವರಲ್ಲ. ನೋರಾಳ ಅಜ್ಜಿಯೂ ತನ್ನ ಊರು ಬಿಟ್ಟವಳಲ್ಲವಂತೆ. ಅವರಿಬ್ಬರಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ! ಡಾಕ್ಟರಿಗೆ ಫೋನಿನಲ್ಲಿ ಹೇಳಿದರೆ, "ಎರಡು ತುದಿ ಕೂಡಿದ್ರೂ ಯಾರೂ ಸಾಯಲ್ಲ ಅತ್ತಿಗೆ, ಎರಡು ಕಡೆಯವರೂ ತಪ್ಪು," ಎಂದು ನಕ್ಕರು.

ಅಂಗಡಿಸಾಲಿನ ಹಿಂದಿನ ಚರಂಡಿ

ಪಾಯ್ಸನ್ ಐವಿ ಐರ್ಲೆಂಡಿನಲ್ಲಿಲ್ಲ, ಹಾಗಾಗಿ ಅದಕ್ಕೆ ಅಲ್ಲಿ ಮದ್ದಿನ ಮನೆತನವೂ ಇಲ್ಲ. ನೋರಾ ಸ್ವಲ್ಪ ಯೋಚಿಸಿ, ತುರಿಕೆ ಗಿಡಕ್ಕೆ ಮಾಡುವುದನ್ನೇ ಮಾಡೋಣ ಎಂದಳು. ಅವರಲ್ಲಿ ತುರಿಕೆ ಗಿಡ ಬೆಳೆದ ಕಡೆ ಪಕ್ಕದಲ್ಲೇ ಡಾಕ್ ಎಂಬ ಅಗಲ ಎಲೆಯ ಸೊಪ್ಪೂ ಬೆಳೆಯುತ್ತದಂತೆ. ಅದನ್ನು ಜಜ್ಜಿ, ಒಳಗಿನದು ಹೊರಗೆ ಬರಲಿ ಎಂಬರ್ಥದ ಮಾತು ಹೇಳುತ್ತ ತಿಕ್ಕಬೇಕು.

"ನಮ್ಮಲ್ಲೂ ಉಂಟು!" ಎಂದು ನಾನು ಕೂಗಿದೆ. ಚೇರಿನ ಮರ ತಾಗಿದರೆ ತಾರೆ ಮರಕ್ಕೆ ಸುತ್ತು ಬಂದು ಅಪ್ಪಿಕೊಳ್ಳಬೇಕು ಎಂದು ನಮ್ಮ ಕಡೆಯ ಹಳಬರು ಹೇಳುವುದನ್ನು ವಿವರಿಸಿದೆ. ನೋರಾ ಬಹಳ ಗಂಭೀರವಾಗಿ ಕೇಳಿಸಿಕೊಂಡು, "ಆ ಮರ ಡರ್ಹಮ್‌ನಲ್ಲಿ ಎಲ್ಲಿದೆ?" ಎಂದಳು. ಇಲ್ಲವೆಂದೆ. "ಹಾಗಾದರೆ ನನ್ನ ಓಕ್ ಮರಕ್ಕೇ ಸುತ್ತು ಬಾ. ಮರ ಮರವೇ." ನಾನು ಮೈಗೆ ಇನ್ನೇನೂ ತಾಗದಿರಲೆಂದು ಆ ಸೆಕೆಯಲ್ಲೂ ಸೀರೆಯ ಮೇಲೆ ಕಿರಣನ ಜಾಕೆಟ್ಟು ಹಾಕಿಕೊಂಡು ಓಕ್ ಮರಕ್ಕೆ ಸುತ್ತು ಬಂದೆ, ಅವಳೂ ನನ್ನ ಹಿಂದೆ ಬಂದಳು. ಈ ಸಲ ಮಾತ್ರ ಅಪ್ಪಿಕೊಳ್ಳುವ ಮೊದಲು ಮರಕ್ಕೆ ಮೂರೆಲೆಯ ಬಳ್ಳಿ ಹಬ್ಬಿದೆಯೋ ಎಂದು ಚೆನ್ನಾಗಿ ನೋಡಿಕೊಂಡೆ.

ಡಾಕ್ ಸೊಪ್ಪು ಸಿಕ್ಕಿದ್ದು ಅಂಗಡಿಸಾಲಿನ ಹಿಂದಿನ ಚರಂಡಿಯಲ್ಲಿ. ನಮ್ಮ ಹುಳಿಸೊಪ್ಪಿನ ದಾಯಾದಿಯಂತೆ ಕಾಣುವ ಗಿಡ. ಇಬ್ಬರು ಮುದುಕಿಯರು ಚರಂಡಿಗಿಳಿದು ಚೀಲಕ್ಕೆ ಎಲೆ ತುಂಬುವುದನ್ನು ಕಂಡು ಕಾವಲಿನವನು ಬಂದು, ಏನಾದರೂ ಕಳೆದುಕೊಂಡಿರಾ ಎಂದು ವಿಚಾರಿಸಿದ. "ಹೌದು, ಇವಳ ಚರ್ಮ," ಎಂದಳು ನೋರಾ. ಆತ ನನ್ನ ಕೈ ನೋಡಿ, ತನ್ನ ಅಜ್ಜಿ ಇದಕ್ಕೆ ತಂಬಾಕು ಅರೆದು ಹಚ್ಚುತ್ತಿದ್ದಳು ಎಂದು ಶುರು ಮಾಡಿದ. ಅವನೂ ನಮ್ಮವನೇ!

ಮುಂದಿನ ದಿನಗಳ ದಿನಚರಿ ಹೀಗಿತ್ತು. ಬೆಳಿಗ್ಗೆ ಓಟ್ಸ್ ನೆನೆಸಿದ ನೀರಿನಲ್ಲಿ ಕೈ ಅದ್ದಿ ಕೂರುವುದು. ಮಧ್ಯಾಹ್ನ ಮಜ್ಜಿಗೆ ಸವರುವುದು. ಇದರಲ್ಲಿ ಐರ್ಲೆಂಡಿಗೂ ಮಂಗಳೂರಿಗೂ ಭಿನ್ನಾಭಿಪ್ರಾಯವಿಲ್ಲ. ಸಂಜೆ ಡಾಕ್ ಸೊಪ್ಪಿನ ಪಟ್ಟಿ. ನಡುನಡುವೆ ಡಾಕ್ಟರ ಟ್ಯೂಬನ್ನೂ ಹಚ್ಚುತ್ತಿದ್ದೆ, ನೋರಾಳಿಗೆ ಕಾಣದಂತೆ. ಡಾಕ್ಟರಿಗೆ ಸೊಪ್ಪಿನ ವಿಷಯ ಹೇಳಲಿಲ್ಲ. ಎರಡು ದೋಣಿಯಲ್ಲಿ ಕಾಲಿಡಬಾರದು ಎಂದು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದವಳು ಮೂರು ದೋಣಿಯಲ್ಲಿ ಕಾಲಿಟ್ಟೆ.

ಒಂದು ಸಂಜೆ ಪಟ್ಟಿ ಕಟ್ಟಿ ಮುಗಿದಾಗ ನಾನು "ಥ್ಯಾಂಕ್ಯೂ ನೋರಾ" ಎಂದುಬಿಟ್ಟೆ. ಮನೆಯಲ್ಲಿ ಮಾಡಿದ ಚಕ್ಕುಲಿಯ ಡಬ್ಬಿಯನ್ನೂ ಮುಂದಿಟ್ಟೆ. ಅವಳ ಮುಖ ಕಪ್ಪಿಟ್ಟಿತು. ಮದ್ದಿಗೆ ಉಪಕಾರ ಹೇಳಬಾರದು, ಏನನ್ನೂ ಕೊಡಬಾರದು, ಹೇಳಿದರೆ ಮದ್ದು ಹಿಡಿಯುವುದಿಲ್ಲ! ಪಟ್ಟಿಯನ್ನು ಬಿಚ್ಚಿ, ಮೊದಲಿಂದ ಕಟ್ಟಿದಳು. ಅಮೆರಿಕದಲ್ಲಿ ಬಾಗಿಲು ಹಿಡಿದವನಿಗೆ, ಚಿಲ್ಲರೆ ಕೊಟ್ಟವಳಿಗೆ, ಬಿಲ್ವ ಕಿತ್ತುಕೊಂಡವನಿಗೆ ಕೂಡ ಥ್ಯಾಂಕ್ಯೂ ಹೇಳಬೇಕೆಂದು ಉಷಾ ನನ್ನನ್ನು ತಿದ್ದಿ ತಿದ್ದಿ ತಯಾರು ಮಾಡಿದ್ದಳು. ನಮ್ಮ ಮನೆಯಲ್ಲಿ ಯಾರಾದರೂ ಅಕ್ಕನಿಗೋ ಅಮ್ಮನಿಗೋ ಉಪಕಾರ ಹೇಳಿದ್ದುಂಟೇ? ಅಂದಿನಿಂದ ನೋರಾಳ ಮನೆಯಿಂದ ಸುಮ್ಮನೆ ಎದ್ದು ಬರುತ್ತಿದ್ದೆ. ಎಷ್ಟು ಹಾಯೆನಿಸುತ್ತಿತ್ತು! ಚಕ್ಕುಲಿಯನ್ನು ಕಿರಣ್ ತಿಂದು, ನನಗೆ ಥ್ಯಾಂಕ್ಯೂ ಹೇಳಿದ.

ಡರ್ಹಮ್, ಬಚ್ಚಲು

ಪಂದ್ಯದಲ್ಲಿ ಕೂಸೇ ಗೆದ್ದಿತು. ಒಂದು ಬೆಳಿಗ್ಗೆ ಅಶ್ವಿನಿ, "ದೊಡ್ಡಮ್ಮ, ಇಟ್ ಫೆಲ್ ಆಫ್!" ಎಂದು ಕೂಗಿದಳು. ನನ್ನ ಬೊಬ್ಬೆಗಳು ಒಣಗಿ ಹೊಪ್ಪಳೆಯಾಗಿದ್ದವು, ಆದರೆ ಬೆರಳ ಸಂದಿ ಇನ್ನೂ ಕೆಂಪಗೆ ಒಡೆದಿತ್ತು. ಕೈ ಮುಂದೆ ಹಿಡಿದೆ. ಅವಳು ನೋಡಿದಳು. ಅವಳ ಕಣ್ಣಲ್ಲಿ ಕನಿಕರವಿತ್ತು, ಹೆದರಿಕೆಯೂ ಇತ್ತು.

"ನೆಕ್ಸ್ಟ್ ವೀಕ್, ದೊಡ್ಡಮ್ಮ? ಪ್ರಾಮಿಸ್," ಎಂದಳು.

ಕಿರಣ್ ನೀಲಿ ಪ್ಲಾಸ್ಟಿಕ್ ತೊಟ್ಟಿ ತಂದು ಬಚ್ಚಲಲ್ಲಿಟ್ಟ. ಅದರಲ್ಲಿ ಒಂದು ಗಿಂಡಿ ನೀರೂ ಇರಲಿಲ್ಲ. ಕೂಸನ್ನು ಇಳಿಸಿದ ಕೂಡಲೇ ಅದು ಕೈಕಾಲು ಬಿಗಿಹಿಡಿದು, ಉಸಿರು ಕಟ್ಟುವಂತೆ ಅಳತೊಡಗಿತು. ಅಶ್ವಿನಿ ಅವಸರದಲ್ಲಿ ಸೋಪು ಹಚ್ಚಿದಳು. ಸೋಪು ತಾಗಿದ ಕೂಸು ಜಾರಿತು. ಕಿರಣ್ ಹಿಡಿದ. ಅಶ್ವಿನಿಯೂ ಅಳತೊಡಗಿದಳು. "ಐ ಕಾಂಟ್. ನನಗೆ ಬರಲ್ಲ, ದೊಡ್ಡಮ್ಮ, ನನಗೆ ಏನೂ ಬರಲ್ಲ."

ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗಲಿಲ್ಲ. ಕೈಗೆ ತಾನೆ ರೋಗ? ಕಾಲಿಗೇನಾಗಿದೆ?

ಸೀರೆಯನ್ನು ಮೊಣಕಾಲ ಮೇಲೆ ಸಿಕ್ಕಿಸಿ, ದೊಡ್ಡ ಬಾತ್ ಟಬ್ಬಿನೊಳಗೆ ಒಂದು ಗಿಡ್ಡ ಸ್ಟೂಲು ಹಾಕಿ ಕುಳಿತು ಕಾಲು ನೀಡಿದೆ. ಕಾಲನ್ನು ಸೋಪಿನಲ್ಲಿ ತೊಳೆಸಿಕೊಂಡೆ. "ಕೂಸನ್ನು ಇದರ ಮೇಲೆ ಮಲಗಿಸು. ತಲೆ ಪಾದದ ಕಡೆಗೆ. ಹಾಂ, ಹಾಗೆ. ನನ್ನ ಕೈ ಮುಟ್ಟುವುದಿಲ್ಲ, ನೋಡು, ಹಿಂದೆ ಕಟ್ಟಿಕೊಂಡಿದ್ದೇನೆ. ಈಗ ಎಣ್ಣೆ ತೆಗೊ."

ಅಶ್ವಿನಿ ಟಬ್ಬಿನ ಅಂಚಿಗೆ ಬಗ್ಗಿ ಕೊಬ್ಬರಿ ಎಣ್ಣೆ ಹಚ್ಚಿದಳು. ಎದೆಯಿಂದ ಹೊರಗೆ, ತೊಡೆಯಿಂದ ಕೆಳಗೆ, ಹೆಬ್ಬೆರಳಲ್ಲಿ ಅಂಗಾಲು. "ಮೆಲ್ಲಗಲ್ಲ ಮಾರಾಯ್ತಿ, ಅದು ಗಾಜಲ್ಲ. ಹಾಂ, ಈಗ ಸರಿ." ಕಿರಣ್ ಹದವಾದ ನೀರನ್ನು ಥರ್ಮಾಮೀಟರಿನಲ್ಲಿ ನೋಡಿ ನೋಡಿ ಹೊಯ್ದ. ಕೂಸು ಒಂದು ಸಲ ಬಿಕ್ಕಿತು. ಆಮೇಲೆ ಮುಷ್ಟಿ ಬಿಚ್ಚಿತು, ಕಣ್ಣು ತೆರೆದು ಅಮ್ಮನನ್ನೇ ನೋಡುತ್ತ ಸುಮ್ಮನಾಯಿತು. ನನ್ನ ಕೈಗಳು ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿದ್ದವು. ಆ ಎಣ್ಣೆಯ ಮೈಯನ್ನು ಒಮ್ಮೆ ಸವರಲು ಅವು ಎಷ್ಟು ಹಂಬಲಿಸಿದವೆಂದು ನನಗೊಬ್ಬಳಿಗೇ ಗೊತ್ತು.

ಆ ವಾರವಿಡೀ ಹೀಗೇ ನಡೆಯಿತು. ಕಾಲು ನನ್ನದು, ಕೈ ಅವಳದು. ಮುಂದಿನ ಸೋಮವಾರ ಎದ್ದು ನೋಡಿದರೆ ಹೊಪ್ಪಳೆಯೆಲ್ಲ ಉದುರಿ ಬೆರಳುಗಳಲ್ಲಿ ಹೊಸ ಚರ್ಮ ಹೊಳೆಯುತ್ತಿತ್ತು. ನೋರಾ ಡಾಕ್ ಸೊಪ್ಪು ಎಂದಳು, ಡಾಕ್ಟರು ಟ್ಯೂಬ್ ಎಂದರು. ನಾನು ಎರಡು ಕಡೆಗೂ ತಲೆಯಾಡಿಸಿದೆ.

ಕೈಯನ್ನು ಮೂರು ಸಲ ತೊಳೆದು, ಎಣ್ಣೆಯ ಬಟ್ಟಲು ಹಿಡಿದು, ಮದುವೆಮನೆಗೆ ಹೊರಟವಳ ಹಾಗೆ ಬಚ್ಚಲಿಗೆ ಬಂದೆ. ಅಶ್ವಿನಿ ಆಗಲೇ ಟಬ್ಬಿನೊಳಗೆ ಸ್ಟೂಲಿನ ಮೇಲೆ ಕುಳಿತಿದ್ದಳು. ನೈಟಿಯನ್ನು ಮೊಣಕಾಲ ಮೇಲೆ ಸಿಕ್ಕಿಸಿ, ತನ್ನ ಕಾಲನ್ನು ನೀಡಿ, ಕೂಸನ್ನು ಅದರ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಕೈ ಅದರ ಎದೆಯನ್ನು ಹದವಾಗಿ ಸವರುತ್ತಿತ್ತು. ಕೂಸು ಅವಳತ್ತ ನೋಡಿ ಕಾಲು ಬಡಿಯುತ್ತಿತ್ತು.

ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಆಯಿತು.

ಅವಳು ತಲೆಯೆತ್ತಿ ನನ್ನ ಕೈ ನೋಡಿದಳು. "ಓ, ಫುಲ್ ವಾಸಿ ಆಯ್ತಾ! ನೀವು ಮಾಡಿಸ್ತೀರಾ, ದೊಡ್ಡಮ್ಮ?" ಎಂದಳು. ಎದ್ದು ಕೊಡಲು ಕೂಸಿನ ಕೆಳಗೆ ಕೈಯನ್ನೂ ಹಾಕಿದಳು.

"ಬೇಡ, ಕೂತ್ಕೊ," ಎಂದೆ. ಎಣ್ಣೆಯ ಬಟ್ಟಲನ್ನು ಅವಳ ಪಕ್ಕದಲ್ಲಿಟ್ಟು, ಚೊಂಬು ತೆಗೆದುಕೊಂಡು ನೀರು ಹೊಯ್ಯಲು ನಿಂತೆ.